ನೀಲಗಿರಿ ವಿವಾದ (ಬೆಂಗಳೂರು ಗ್ರಾಮಾಂತರ ಜಿಲ್ಲೆ)

ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು ಸೀಮೆಯ ರಾಗಿ ಹೊಲಗಳಿಗೆ ನೀಲಗಿರಿ ತೋಪು ಹಬ್ಬಿದಾಗ ಹುಟ್ಟಿ, ನಾಲ್ಕು ದಶಕದಷ್ಟು ಕಾಲ ನಡೆದ ವಾದ. ಈ ಮರ ನೀರು ಬತ್ತಿಸುತ್ತದೆ ಎಂದು ರೈತರು ಹೇಳುತ್ತಿದ್ದರು. ಅದಕ್ಕೆ ಪುರಾವೆ ಇಲ್ಲವೆಂಬುದು ಅದನ್ನು ನೆಡಿಸಿದವರ ಉತ್ತರವಾಗಿತ್ತು. ಹೊಸಕೋಟೆಯ ಬಳಿ ನಡೆದ ಅಳತೆಗಳು ರೈತರ ಮಾತನ್ನು ಬಹುಪಾಲು ಸಮರ್ಥಿಸಿದವು, ಒಂದೆರಡು ಕಡೆ ತಿದ್ದಿದವು. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಜನರ ಅರಿವು, ವಿಜ್ಞಾನ, ಪರಿಸರ ನೀತಿ ಈ ಮೂರೂ ಒಂದೇ ನೆಲದ ಮೇಲೆ ಎದುರಾದ ಪ್ರಸಂಗವಾಗಿ ಇದು ಕರ್ನಾಟಕದ ಆಚೆಗೂ ಮುಖ್ಯವಾದುದು.

ನೆಲ ಮತ್ತು ನೀರು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುತ್ತವೆ. ಎರಡೂ ಮಳೆಯನ್ನೇ ನಂಬಿದವು. ಆದ್ದರಿಂದ ಇಲ್ಲಿನ ಬದುಕು ಕೆರೆಗಳ ಸರಪಳಿಯ ಮೇಲೆ ನಿಂತಿತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟು ಕೆರೆಗಳು ಮೈಸೂರು ಸೀಮೆಯಲ್ಲಿವೆ ಎಂದು ಎಂಜಿನಿಯರ್ ಸ್ಯಾಂಕಿ 1866ರಲ್ಲಿ ಬರೆದರು.

ಕೆರೆಯಷ್ಟೇ ಮುಖ್ಯವಾದವು ಗೋಮಾಳ ಮತ್ತು ಊರ ಗುಂಡುತೋಪು. ಹೊಲದಲ್ಲಿ ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು; ಬದುವಿನಲ್ಲಿ ಹೊಂಗೆ, ಬೇವು, ಹುಣಸೆ. ಯಾವ ಮರದ ನೆರಳಲ್ಲಿ ಬೆಳೆ ಏಳುತ್ತದೆ, ಯಾವುದರ ಬುಡದಲ್ಲಿ ಏಳುವುದಿಲ್ಲ, ಎಷ್ಟು ಮಳೆಗೆ ಬಾವಿಯಲ್ಲಿ ಸೆಲೆ ಒಡೆಯುತ್ತದೆ ಎಂಬುದು ತಲೆಮಾರುಗಳ ನೋಟದಿಂದ ಬಂದ ತಿಳಿವಳಿಕೆ. ನೀಲಗಿರಿಯ ಬಗ್ಗೆ ರೈತರು ಆಡಿದ ಮಾತನ್ನು ಈ ಹಿನ್ನೆಲೆಯಲ್ಲೇ ಕೇಳಬೇಕು.

ಮರ ಬಂದ ಬಗೆ

ಆಸ್ಟ್ರೇಲಿಯಾ ಮೂಲದ ಈ ಮರವನ್ನು ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ನಂದಿಬೆಟ್ಟದ ತೋಟಕ್ಕೆ ತರಿಸಿದನೆಂಬ ಪ್ರತೀತಿಯಿದೆ. ನಂದಿಯ ಮರಗಳಿಂದ ಬೆಳೆದುಬಂದ ತಳಿ ‘ಮೈಸೂರು ಗಮ್’ ಎಂದು ಹೆಸರಾಗಿ ದೇಶದ ಬೇರೆ ರಾಜ್ಯಗಳಿಗೂ ಹೋಯಿತು. 1970ರ ದಶಕದ ಕೊನೆಗೆ ಅದು ಸರ್ಕಾರಿ ನೆಡುತೋಪು ದಾಟಿ ಖಾಸಗಿ ಹೊಲಕ್ಕೆ ಇಳಿಯಿತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ನಡೆದ ಸಾಮಾಜಿಕ ಅರಣ್ಯ ಯೋಜನೆ ಅದಕ್ಕೆ ಇನ್ನಷ್ಟು ವೇಗ ಕೊಟ್ಟಿತು.

ನೀಲಗಿರಿ ಹಾಕಿದ ರೈತರನ್ನು ದೂರುವುದು ಸರಿಯಲ್ಲ. ಮಳೆ ನಂಬುವಂತಿರಲಿಲ್ಲ, ಆಳಿನ ಕೂಲಿ ಏರುತ್ತಿತ್ತು, ಮನೆಯ ಹುಡುಗರು ಬೆಂಗಳೂರಿನ ಕೆಲಸಕ್ಕೆ ಹೊರಟಿದ್ದರು. ದನ ಮೇಯದ, ಕಾವಲು ಬೇಡದ, ಒಮ್ಮೆ ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರುವ ಮರ ಅದು. ಕಾಗದ ಮತ್ತು ರೇಯಾನ್ ತಿರುಳಿಗೆ, ಕಟ್ಟಡದ ಸಾರುವೆಗೆ ಕೊಳ್ಳುವವರಿದ್ದರು. ರಾಗಿ ಬಿತ್ತಿದವನಿಗೆ ಇಲ್ಲದ ಖಾತರಿ ನೀಲಗಿರಿ ಹಾಕಿದವನಿಗೆ ಸಿಕ್ಕಿತು. ಆದರೆ ರಾಗಿ ಹೋದ ಹೊಲದಲ್ಲಿ ಕೂಲಿಯೂ ಹೋಯಿತು, ದನಕ್ಕೆ ಹುಲ್ಲೂ ಹೋಯಿತು. ಆ ನಷ್ಟ ಹೆಚ್ಚಾಗಿ ತಟ್ಟಿದ್ದು ಜಮೀನಿಲ್ಲದವರಿಗೆ.

ವಿರೋಧ ಚಳವಳಿಯ ರೂಪ ಪಡೆದದ್ದು ಪಕ್ಕದ ತುಮಕೂರು ಜಿಲ್ಲೆಯಲ್ಲಿ. 1983ರಲ್ಲಿ ಅಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಯಾವ ಮರ ಬೇಡ ಎಂಬುದರ ಜೊತೆಗೆ ಯಾವುದು ಬೇಕು ಎಂಬುದನ್ನೂ ಅವರು ಹೇಳಿದ್ದರು. ನೀತಿ ರೂಪಿಸಿದವರು ಈ ಎರಡನೆಯ ಭಾಗಕ್ಕೆ ಹೆಚ್ಚು ಕಿವಿಗೊಡಲಿಲ್ಲ.

ಹೊಸಕೋಟೆಯ ಅಳತೆ

ವಾದ ಬಿಸಿಯಾದಾಗ ಬ್ರಿಟನ್ನಿನ ವಾಲಿಂಗ್‌ಫರ್ಡ್‌ನ ಜಲವಿಜ್ಞಾನ ಸಂಸ್ಥೆ, ಕರ್ನಾಟಕ ಅರಣ್ಯ ಇಲಾಖೆ, ಮೈಸೂರು ಪೇಪರ್ ಮಿಲ್ಸ್ ಮುಂತಾದವು ಕೂಡಿ 1980ರ ದಶಕದ ಉತ್ತರಾರ್ಧದಲ್ಲಿ ಸಂಶೋಧನೆ ಕೈಗೊಂಡವು. ಜಲವಿಜ್ಞಾನಿ ಇಯಾನ್ ಕಾಲ್ಡರ್ ಇದರ ಮುಂದಾಳು. ಶಿವಮೊಗ್ಗ ಸೀಮೆಯ ದೇವಬಾಳು, ಪುರದಾಳು ಮತ್ತು ಬಯಲುಸೀಮೆಯ ಹೊಸಕೋಟೆ ಪ್ರಯೋಗದ ಸ್ಥಳಗಳು. ನೆಲದೊಳಕ್ಕೆ ಕೊಳವೆ ಇಳಿಸಿ, ನ್ಯೂಟ್ರಾನ್ ಪ್ರೋಬ್ ಎಂಬ ಉಪಕರಣದಿಂದ ಬೇರೆ ಬೇರೆ ಆಳದ ಮಣ್ಣಿನ ತೇವವನ್ನು ಅಳೆದರು. ಮರದ ಕಾಂಡಕ್ಕೆ ಡ್ಯುಟೀರಿಯಂ (ಭಾರ ಹೈಡ್ರೋಜನ್) ಸೇರಿಸಿ ಅದರ ಜಾಡು ಹಿಡಿದು, ಮರ ಎಷ್ಟು ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆಂದು ಲೆಕ್ಕ ಹಾಕಿದರು.

ಶಿವಮೊಗ್ಗದ ಕಡೆ ಮಣ್ಣಿನ ಆಳ ಕಡಿಮೆ. ಅಲ್ಲಿ ನೀಲಗಿರಿ ಬಳಸಿದ ನೀರು ಸ್ಥಳೀಯ ಎಲೆಯುದುರುವ ಕಾಡು ಬಳಸುವುದಕ್ಕಿಂತ ಹೆಚ್ಚಿರಲಿಲ್ಲ. ರಾಗಿ ಬಳಸುವ ನೀರು ಇವೆರಡರ ಸುಮಾರು ಅರ್ಧ. ಹೊಸಕೋಟೆಯ ಫಲಿತಾಂಶ ಬೇರೆಯೇ ಆಗಿತ್ತು. ಆಳ ಮಣ್ಣಿನ ಆ ಎಳೆಯ ತೋಪು ಮೂರು ವರ್ಷಗಳಲ್ಲಿ ಸುಮಾರು 3,400 ಮಿಲಿಮೀಟರ್ ನೀರು ಬಳಸಿತ್ತು. ಅದೇ ಅವಧಿಯಲ್ಲಿ ಬಿದ್ದ ಮಳೆ ಸುಮಾರು 2,100 ಮಿಲಿಮೀಟರ್. ಬಿದ್ದದ್ದಕ್ಕಿಂತ ಹೆಚ್ಚು ನೀರು ಎಲ್ಲಿಂದ ಬಂತು? ಬೇರುಗಳು ವರ್ಷಕ್ಕೆ ಎರಡೂವರೆ ಮೀಟರಿಗೂ ಹೆಚ್ಚು ಕೆಳಗಿಳಿಯುತ್ತ, ಆಳದ ಮಣ್ಣಿನಲ್ಲಿ ಮೊದಲೇ ಉಳಿದಿದ್ದ ತೇವವನ್ನು ಪದರ ಪದರವಾಗಿ ಹೀರಿದ್ದವು ಎಂಬುದು ಸಂಶೋಧಕರ ವಿವರಣೆ. ಕಾಲ್ಡರ್, ರೋಸಿಯರ್, ಕೆ.ಟಿ. ಪ್ರಸನ್ನ, ಎಸ್. ಪರಮೇಶ್ವರಪ್ಪ ಅವರ ಈ ಪ್ರಬಂಧ 1997ರಲ್ಲಿ ಪ್ರಕಟವಾಯಿತು.

ಬೇರು ನೇರವಾಗಿ ಅಂತರ್ಜಲದ ಮಟ್ಟಕ್ಕೇ ಇಳಿದು ನೀರೆಳೆಯುತ್ತದೆ ಎಂಬುದಕ್ಕೆ ಆ ಸ್ಥಳಗಳಲ್ಲಿ ಸಾಕ್ಷ್ಯ ಸಿಗಲಿಲ್ಲ. ಬಾವಿಯ ನೀರನ್ನು ಮರವೇ ಕುಡಿಯುತ್ತದೆ ಎಂಬ ಊರ ಮಾತಿಗೆ ಇದು ತಿದ್ದುಪಡಿ. ಆದರೆ ಆಳದವರೆಗೆ ಒಣಗಿದ ಮಣ್ಣು ಮೊದಲು ತಾನು ತೊಯ್ದ ಮೇಲೆಯೇ ನೀರನ್ನು ಕೆಳಕ್ಕೆ ಬಿಡುತ್ತದೆ. ಅಲ್ಲಿಯವರೆಗೆ ಬಾವಿಗೆ ಸೆಲೆಯಿಲ್ಲ. ಕಾರಣದ ವಿವರದಲ್ಲಿ ವ್ಯತ್ಯಾಸ ಇದ್ದರೂ ಪರಿಣಾಮವನ್ನು ರೈತರು ಸರಿಯಾಗಿಯೇ ಗುರುತಿಸಿದ್ದರು. ಶಿವಮೊಗ್ಗದ ಫಲಿತಾಂಶವನ್ನಷ್ಟೇ ಹಿಡಿದು ನೀಲಗಿರಿಯನ್ನು ಸಮರ್ಥಿಸುವುದೂ, ಹೊಸಕೋಟೆಯದನ್ನಷ್ಟೇ ಹಿಡಿದು ಎಲ್ಲ ಮಣ್ಣಿಗೂ ಅನ್ವಯಿಸುವುದೂ ತಪ್ಪು. ಮರದ ಜೊತೆಗೆ ಮಣ್ಣಿನ ಆಳ, ಮಳೆಯ ಪ್ರಮಾಣ, ಅದಕ್ಕೂ ಮುಂಚೆ ಅಲ್ಲಿದ್ದ ಬೆಳೆ ಇವೆಲ್ಲವನ್ನೂ ನೋಡಬೇಕೆಂಬುದು ಈ ಅಧ್ಯಯನದ ನಿಜವಾದ ಕೊಡುಗೆ.

ಅರ್ಕಾವತಿ ಮತ್ತು ನಿಷೇಧ

ಬೆಂಗಳೂರಿಗೆ ನೀರು ಕೊಡಲೆಂದು ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲೂ ಜಲಾಶಯ ಕಟ್ಟಲಾಗಿತ್ತು. ಮುಂದೆ ಇವುಗಳ ಒಳಹರಿವು ಕುಸಿದಾಗ ಸರ್ಕಾರ 2003ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾನಯನಕ್ಕೆ ನಿರ್ಬಂಧಗಳ ಅಧಿಸೂಚನೆ ಹೊರಡಿಸಿತು. ನದಿ ಏಕೆ ಬತ್ತಿತೆಂದು ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರು ಕೇಳಿಕೊಂಡು 2015ರಲ್ಲಿ ಪ್ರಕಟಿಸಿದ ಅಧ್ಯಯನ ಮಳೆ ಕಡಿಮೆಯಾದದ್ದು ಕಾರಣವಲ್ಲ ಎಂದಿತು. ಕೊಳವೆಬಾವಿಗಳಿಂದ ಅಂತರ್ಜಲ ಎತ್ತಿದ್ದು ಮತ್ತು ನೀಲಗಿರಿ ತೋಪು ಹಬ್ಬಿದ್ದು ಹೆಚ್ಚು ಸಂಭವನೀಯ ಕಾರಣಗಳಾಗಿ ಕಂಡವು. ನೀಲಗಿರಿಯೊಂದನ್ನೇ ಅಪರಾಧಿಯಾಗಿಸಿ ಕೊಳವೆಬಾವಿಯನ್ನು ಮರೆಯುವವರು ಇದನ್ನು ಗಮನಿಸಬೇಕು.

2017ರ ಆದೇಶ ನೀಲಗಿರಿಯ ಜೊತೆಗೆ ಅಕೇಶಿಯಾ ನೆಡುವುದನ್ನೂ ನಿಲ್ಲಿಸಿತು. ಆದರೆ ಪೂರ್ಣ ನಿಷೇಧವೊಂದೇ ದಾರಿಯಲ್ಲ. ದಕ್ಷಿಣ ಆಫ್ರಿಕಾ ತನ್ನ 1998ರ ಜಲ ಕಾಯ್ದೆಯಲ್ಲಿ ವಾಣಿಜ್ಯ ನೆಡುತೋಪುಗಳನ್ನು ಹೊಳೆಯ ಹರಿವು ತಗ್ಗಿಸುವ ಚಟುವಟಿಕೆಯೆಂದು ಪರಿಗಣಿಸಿ ಪರವಾನಗಿಗೆ ಒಳಪಡಿಸಿದೆ. ಮಣ್ಣು, ಮಳೆ ನೋಡಿ ತೀರ್ಮಾನಿಸಲು ಆ ದಾರಿಯಲ್ಲಿ ಅವಕಾಶ ಹೆಚ್ಚು.

ನಲ್ಲೂರಿನ ಹುಣಸೆ ತೋಪು

ಜನರ ನಂಬಿಕೆಯೂ ವಿಜ್ಞಾನವೂ ಎದುರಾದದ್ದಕ್ಕೆ ಇದೇ ಜಿಲ್ಲೆ ಇನ್ನೊಂದು ಮಾದರಿಯನ್ನೂ ಕೊಟ್ಟಿದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು 2002ರ ಜೀವವೈವಿಧ್ಯ ಕಾಯ್ದೆಯಡಿ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 54 ಎಕರೆ. ಇದು ಚೋಳರ ಕಾಲದ್ದೆಂದು ಊರವರು ನಂಬಿ ಕಾಪಾಡಿಕೊಂಡು ಬಂದರು. ಕಾರ್ಬನ್ ಕಾಲನಿರ್ಣಯ ಅಲ್ಲಿನ ಹಳೆಯ ಮರಕ್ಕೆ 400 ವರ್ಷ ಮೀರಿದ ವಯಸ್ಸು ಕೊಟ್ಟಿತು. ಎರಡು ಲೆಕ್ಕಗಳು ಹೊಂದದಿದ್ದರೂ ರಕ್ಷಣೆಗೆ ಅಡ್ಡಿಯಾಗಲಿಲ್ಲ.

ನೀಲಗಿರಿಯ ವಿಷಯದಲ್ಲಿ ಕೆಲಸ ಇನ್ನೂ ಬಾಕಿಯಿದೆ. ನೆಡುವುದು ನಿಂತರೂ ಹಳೆಯ ಬೊಡ್ಡೆಗಳು ಪ್ರತಿ ಕಟಾವಿನ ನಂತರ ಚಿಗುರುತ್ತವೆ. ಅವನ್ನು ಬುಡಸಮೇತ ಕೀಳಲು ಯಂತ್ರ ಬೇಕು, ಹಣ ಬೇಕು. ಕಿತ್ತ ಹೊಲದಲ್ಲಿ ಮತ್ತೆ ರಾಗಿಯೋ ಹುಣಸೆಯೋ ಹೊಂಗೆಯೋ ಬೆಳೆಯಬೇಕೆಂದರೆ, ಫಸಲು ಕೈಗೆ ಬರುವವರೆಗಿನ ವರ್ಷಗಳಲ್ಲಿ ರೈತನಿಗೆ ನೆರವು ಬೇಕು. 1983ರಲ್ಲಿ ಹುಣಸೆ ಬೀಜ ಹಾಕಿದವರು ಕೇಳಿದ್ದ ಮರಗಳಿಗೆ ನಿಷೇಧದ ಆದೇಶವೊಂದರಿಂದಲೇ ಜಾಗ ಸಿಗುವುದಿಲ್ಲ.