ಸ್ಥಾನಪಟ್ಟಿಯನ್ನು ಓದುವ ಬಗೆ: ವಿಶ್ವವಿದ್ಯಾನಿಲಯಗಳ ಶ್ರೇಣೀಕರಣವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಅನಂತಶಯನಗುಡಿಯನ್ನು ದಾಟಿದ ಮೇಲೆ ಮಲಪನಗುಡಿ ದೊರೆಯುತ್ತದೆ. ವಿಜಯನಗರದ ಕಾಲದ ಗುಡಿ, ಬಾವಿಗಳ ನಡುವೆ ಬಾಳುತ್ತಿರುವ ಈ ಗ್ರಾಮವು ಇಂದು ಎರಡು ವಿಶ್ವವಿದ್ಯಾನಿಲಯಗಳ ನೆರೆಯಲ್ಲಿದೆ. ಹಂಪೆಯ ಸಮೀಪದಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯದ ವಿದ್ಯಾರಣ್ಯ ಆವರಣವಿದೆ. ದಕ್ಷಿಣಕ್ಕೆ, ಸಂಡೂರು ಸೀಮೆಯ ನಂದಿಹಳ್ಳಿಯಲ್ಲಿ, 2010ರಲ್ಲಿ ಸ್ಥಾಪಿತವಾಗಿ ಬಳ್ಳಾರಿಯಲ್ಲಿ ಕೇಂದ್ರವುಳ್ಳ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಿದೆ. ಕಂಪ್ಲಿ, ಸಂಡೂರು, ಹೊಸಪೇಟೆಗಳ ವಿದ್ಯಾರ್ಥಿಗೆ ಉನ್ನತ ವಿದ್ಯೆಯು ಮನೆಯ ಹತ್ತಿರ ಬಂದದ್ದು ಇವುಗಳಿಂದ. ಇಂತಹ ಸಂಸ್ಥೆಗಳ ಯೋಗ್ಯತೆಯನ್ನು ಈಗ ದೇಶದ ಮತ್ತು ಜಗತ್ತಿನ ಸ್ಥಾನಪಟ್ಟಿಗಳಿಂದ ಅಳೆಯುವ ರೂಢಿ ಬಂದಿದೆ. ಈ ಅಳತೆಯು ಎಷ್ಟರ ಮಟ್ಟಿಗೆ ಪ್ರಮಾಣ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕೆ ಹೊಸ ವಿಧಾನವೇನೂ ಬೇಕಾಗಿಲ್ಲ. ಶಾಸನವೊಂದು ದೊರೆತರೆ ನಾವು ಅದನ್ನು ಹಾಕಿಸಿದವರು ಯಾರು, ಯಾವಾಗ ಹಾಕಿಸಿದರು, ಯಾವ ಉದ್ದೇಶದಿಂದ ಹಾಕಿಸಿದರು, ಅದು ಏನನ್ನು ಹೇಳುವುದಿಲ್ಲ ಎಂದು ಕೇಳುತ್ತೇವೆ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಶಾಸನವು ಅರಸನ ವಂಶ, ಪ್ರಶಸ್ತಿ, ದಾನಗಳನ್ನು ವಿವರಿಸುತ್ತದೆ. ಆದರೆ ರಂಗಮಂಟಪದ ಕಲ್ಲನ್ನು ಕಡೆದವರ ಕೂಲಿಯ ವಿಷಯದಲ್ಲಿ ಅದು ಮೌನವಾಗಿದೆ. ಇದರಿಂದ ಶಾಸನವು ಸುಳ್ಳಾಗುವುದಿಲ್ಲ. ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರವೆಂದು ನಾವು ತಿಳಿಯುತ್ತೇವೆ. ಸ್ಥಾನಪಟ್ಟಿಯನ್ನೂ ಇದೇ ರೀತಿಯಲ್ಲಿ ಓದತಕ್ಕದ್ದು.

ಮೊದಲು ಅದರ ಹುಟ್ಟನ್ನು ನೋಡೋಣ. ಜಗತ್ತಿನ ವಿಶ್ವವಿದ್ಯಾನಿಲಯಗಳ ಪ್ರಸಿದ್ಧ ಪಟ್ಟಿಗಳಲ್ಲಿ ಮೊದಲನೆಯದು 2003ರಲ್ಲಿ ಚೀನದ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾನಿಲಯದಿಂದ ಹೊರಟಿತು. ಚೀನದ ವಿದ್ಯಾಸಂಸ್ಥೆಗಳು ಜಗತ್ತಿನ ಶ್ರೇಷ್ಠ ಸಂಸ್ಥೆಗಳಿಂದ ಎಷ್ಟು ದೂರದಲ್ಲಿವೆ ಎಂಬುದನ್ನು ತಿಳಿಯುವುದು ಅದರ ಮೂಲೋದ್ದೇಶ. ನೊಬೆಲ್ ಪಾರಿತೋಷಕಗಳು, ಗಣಿತದ ಫೀಲ್ಡ್ಸ್ ಪದಕಗಳು, ‘ನೇಚರ್’ ಮತ್ತು ‘ಸೈನ್ಸ್’ ಪತ್ರಿಕೆಗಳ ಲೇಖನಗಳು ಅದರ ಮುಖ್ಯ ಅಳತೆಗಳು. 2004ರಲ್ಲಿ ಲಂಡನ್ನಿನ ಟೈಮ್ಸ್ ಹೈಯರ್ ಎಜುಕೇಷನ್ ಪತ್ರಿಕೆಯೂ ಕ್ಯೂ.ಎಸ್. ಸಂಸ್ಥೆಯೂ ಕೂಡಿ ಮತ್ತೊಂದು ಪಟ್ಟಿಯನ್ನು ಹೊರಡಿಸಿದವು. ಮುಂದೆ ಇವೆರಡೂ ಬೇರೆಯಾದವು. ಕ್ಯೂ.ಎಸ್. ಪಟ್ಟಿಯಲ್ಲಿ ವಿದ್ವಾಂಸರ ನಡುವಿನ ಖ್ಯಾತಿಗೆ ಬಹುಕಾಲ ನೂರಕ್ಕೆ 40 ಅಂಶಗಳು ಮೀಸಲಾಗಿದ್ದವು. ಖ್ಯಾತಿಯು ಹಳೆಯ ಸಂಸ್ಥೆಗೂ ಇಂಗ್ಲಿಷಿನಲ್ಲಿ ಬರೆಯುವ ಸಂಸ್ಥೆಗೂ ಬೇಗ ಒಲಿಯುವುದೆಂಬುದನ್ನು ವಿಸ್ತರಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿ 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಸಿರುವ ನ್ಯಾಕ್ ಸಂಸ್ಥೆಯು ಸಂಸ್ಥೆಗಳನ್ನು ಪರೀಕ್ಷಿಸಿ ದರ್ಜೆಯನ್ನು ಕೊಡುತ್ತ ಬಂದಿತು. ದರ್ಜೆಯಲ್ಲಿ ಅನೇಕರು ಸಮಾನರಾಗಬಹುದು. ಕ್ರಮಾಂಕದಲ್ಲಿ ಒಬ್ಬನು ಏರಬೇಕಾದರೆ ಮತ್ತೊಬ್ಬನು ಇಳಿಯಲೇ ಬೇಕು. ಈ ಎರಡನೆಯ ಪದ್ಧತಿಯು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಸ್ಥಿಕ ಶ್ರೇಣೀಕರಣ ಚೌಕಟ್ಟಿನ ಮೂಲಕ 2015ರಲ್ಲಿ ರೂಪುಗೊಂಡು, 2016ರಲ್ಲಿ ಮೊದಲ ಪಟ್ಟಿಯನ್ನು ಕೊಟ್ಟಿತು. ಬೋಧನೆ ಮತ್ತು ಸಂಪನ್ಮೂಲಗಳಿಗೆ 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಸರ್ವರನ್ನು ಒಳಗೊಳ್ಳುವಿಕೆಗೆ 10, ಜನಾಭಿಪ್ರಾಯಕ್ಕೆ 10 ಎಂಬುದು ಇದರ ಅಂಶವಿಭಾಗ.

ಈ ಪಟ್ಟಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ಥಿತಿಯನ್ನು ಪರಿಶೀಲಿಸುವುದು ಉಪಯುಕ್ತ. 1916ರಲ್ಲಿ ಹುಟ್ಟಿದ, ದೇಶೀಯ ಸಂಸ್ಥಾನವೊಂದರಲ್ಲಿ ಮೊದಲು ಸ್ಥಾಪಿತವಾದ ಈ ವಿಶ್ವವಿದ್ಯಾನಿಲಯವು 2020ರಲ್ಲಿ 27ನೆಯ, 2021ರಲ್ಲಿ 19ನೆಯ, 2022ರಲ್ಲಿ 33ನೆಯ, 2023ರಲ್ಲಿ 44ನೆಯ ಸ್ಥಾನದಲ್ಲಿತ್ತು. ಎರಡೇ ವರ್ಷಗಳಲ್ಲಿ 25 ಸ್ಥಾನಗಳ ಇಳಿತ! ನೂರು ವರ್ಷಗಳಲ್ಲಿ ಕೂಡಿದ ವಿದ್ಯಾಸಂಪತ್ತು ಎರಡು ವರ್ಷಗಳಲ್ಲಿ ಕರಗಿತೆಂದು ಯಾವ ವಿವೇಕಿಯೂ ಹೇಳಲಾರನು. ಕ್ರಮಾಂಕವೆಂಬುದು ಸಂಸ್ಥೆಯೊಂದರ ಸ್ವಂತ ಗುಣವಲ್ಲ. ಅದು ಉಳಿದವರೊಡನೆ ಹೋಲಿಕೆ. ಅಂಕಗಳು ಒತ್ತಾಗಿರುವ ಕಡೆ ಸ್ವಲ್ಪ ವ್ಯತ್ಯಾಸವೂ ಅನೇಕ ಸ್ಥಾನಗಳನ್ನು ಪಲ್ಲಟಗೊಳಿಸುತ್ತದೆ.

ಇನ್ನು ಪಟ್ಟಿಯ ಮೌನಗಳನ್ನು ನೋಡಬೇಕು. ಸಂಶೋಧನೆಯ ಲೆಕ್ಕವು ಬಹುಮಟ್ಟಿಗೆ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಸೂಚಿಗಳಲ್ಲಿ ಸೇರಿದ ಪ್ರಕಟಣೆಗಳನ್ನೂ ಅವುಗಳ ಉಲ್ಲೇಖಗಳನ್ನೂ ಅವಲಂಬಿಸಿದೆ. ಈ ಸೂಚಿಗಳಿಗೆ ಕನ್ನಡದ ವಿದ್ವತ್ಪತ್ರಿಕೆಗಳು ಬಹುತೇಕ ಹೊರಗು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟು ಎಷ್ಟು ಅಧ್ಯಾಪಕರ ಮೇಜಿನ ಮೇಲಿದ್ದಿತು! ಬಿ. ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನು ಅಲ್ಲಿಯ ಕನ್ನಡ ಅಧ್ಯಯನ ಸಂಸ್ಥೆ ಸಿದ್ಧಪಡಿಸಿತು. ಹಂಪೆಯ ಕನ್ನಡ ವಿಶ್ವವಿದ್ಯಾಲಯವು ಜಿಲ್ಲಾವಾರು ಶಾಸನ ಸಂಪುಟಗಳನ್ನು ಪ್ರಕಟಿಸಿತು. ಊರೂರು ಅಲೆದು, ಅಚ್ಚು ತೆಗೆದು, ಪಾಠವನ್ನು ನಿರ್ಣಯಿಸುವ ಈ ಕಾರ್ಯಕ್ಕೆ ವರ್ಷಗಳೇ ಹಿಡಿಯುತ್ತವೆ. ಪಟ್ಟಿಯಲ್ಲಿ ಅದರ ತೂಕ ಅತ್ಯಲ್ಪ.

ಮತ್ತೊಂದು ವಿಚಿತ್ರವುಂಟು. ಸರ್ವರನ್ನು ಒಳಗೊಳ್ಳುವಿಕೆಯ ಅಂಶದಲ್ಲಿ ಸ್ತ್ರೀಯರಿಗೂ ಬಡ ವಿದ್ಯಾರ್ಥಿಗಳಿಗೂ ಮನ್ನಣೆಯಿರುವುದು ಶ್ಲಾಘ್ಯವೇ. ಆದರೆ ಅಲ್ಲಿಯೇ ಅನ್ಯ ರಾಜ್ಯ, ಅನ್ಯ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೂ ಅಂಕಗಳಿವೆ. ಬಳ್ಳಾರಿ ಸೀಮೆಯ ಮಕ್ಕಳಿಗಾಗಿಯೇ ತೆರೆದ ವಿಶ್ವವಿದ್ಯಾನಿಲಯವು ಆ ಮಕ್ಕಳನ್ನೇ ಸೇರಿಸಿಕೊಂಡದ್ದಕ್ಕಾಗಿ ಅಂಕವನ್ನು ಕಳೆದುಕೊಳ್ಳುವಂತಾಗುತ್ತದೆ. ಸಂಸ್ಥೆಯ ಸ್ಥಾಪನೆಯ ಉದ್ದೇಶವೂ ಅಳತೆಯ ಉದ್ದೇಶವೂ ಇಲ್ಲಿ ಎದುರುಬದುರಾಗಿವೆ.

ಇಷ್ಟರಿಂದ ಸ್ಥಾನಪಟ್ಟಿಯನ್ನು ತಿರಸ್ಕರಿಸಬೇಕೆಂದು ಹೇಳುವವರಿದ್ದಾರೆ. ಅವರ ವಾದವನ್ನು ನಾವು ಒಪ್ಪಲಾರೆವು. ಪೂರ್ಣಕಾಲದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇರುವ ಪ್ರಮಾಣ, ಗ್ರಂಥಾಲಯ ಮತ್ತು ಪ್ರಯೋಗಶಾಲೆಗಳ ವೆಚ್ಚ, ಡಾಕ್ಟರೇಟ್ ಪಡೆದವರ ಸಂಖ್ಯೆ—ಇವು ಕಲ್ಪಿತ ಸಂಗತಿಗಳಲ್ಲ. ಹುದ್ದೆಗಳು ಖಾಲಿಯಾಗಿ ಅತಿಥಿ ಉಪನ್ಯಾಸಕರಿಂದಲೇ ತರಗತಿಗಳು ನಡೆಯುವ ಕಡೆ ಅಂಕ ಇಳಿದರೆ, ದೋಷವನ್ನು ಕನ್ನಡಿಯ ಮೇಲೆ ಹೊರಿಸುವುದು ನ್ಯಾಯವಲ್ಲ. 2020-21ರಲ್ಲಿ ಕನ್ನಡ ವಿಶ್ವವಿದ್ಯಾಲಯದ ಅನುದಾನ ಕಡಿತವು ನಾಡಿನಲ್ಲಿ ಚರ್ಚೆಗೆ ಕಾರಣವಾದುದನ್ನು ವಾಚಕರು ಬಲ್ಲರು. ಅಳತೆಯೇ ಬೇಡವೆನ್ನುವ ಸಂಸ್ಥೆಗೆ ಅಂತಹ ಸಂದರ್ಭದಲ್ಲಿ ತನ್ನ ಕೆಲಸವನ್ನು ಸಾಧಾರವಾಗಿ ಮುಂದಿಡಲು ಸಾಧ್ಯವಾಗದು. ತಪ್ಪು ಅಳತೆಗೆ ಉತ್ತರ ಸರಿಯಾದ ಅಳತೆಯೇ ಹೊರತು ಅಳತೆಯ ಅಭಾವವಲ್ಲ.

ಆದುದರಿಂದ ಮಾಡಬೇಕಾದ ಕಾರ್ಯಗಳು ಸ್ಥೂಲವಾಗಿ ಮೂರು. ಮೊದಲನೆಯದಾಗಿ, ಕ್ರಮಾಂಕವನ್ನು ಬಿಟ್ಟು ಅದರ ಹಿಂದಿನ ಬಿಡಿ ಅಂಕಗಳನ್ನು ಓದಬೇಕು. ಅಧ್ಯಾಪಕರ ಕೊರತೆ ಅಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಕ್ರಮಾಂಕದಲ್ಲಿ ತಿಳಿಯದು. ಎರಡನೆಯದಾಗಿ, ಕನ್ನಡದ ಸಂಶೋಧನ ಲೇಖನಗಳಿಗೆ ವಿಶ್ವಾಸಾರ್ಹವಾದ ಉಲ್ಲೇಖಸೂಚಿಯೊಂದನ್ನು ನಮ್ಮ ವಿಶ್ವವಿದ್ಯಾನಿಲಯಗಳು ಕೂಡಿ ರಚಿಸಬೇಕು. ಯಾವ ಶಾಸನಪಾಠವನ್ನು ಯಾರು ಬಳಸಿಕೊಂಡರು, ಯಾವ ನಿರ್ಣಯವನ್ನು ಯಾರು ತಿದ್ದಿದರು ಎಂಬುದು ಅದರಿಂದ ತಿಳಿಯುವುದು. ಹುರುಳಿಲ್ಲದ ಬರೆಹವೂ ಅದರಿಂದಲೇ ಬಯಲಾಗುವುದು. ಮೂರನೆಯದಾಗಿ, ಪ್ರತಿಯೊಂದು ವಿಭಾಗವೂ ತಾನು ಹುಟ್ಟಿದ ಉದ್ದೇಶವೇನು, ವರ್ಷದ ಕೊನೆಗೆ ಅದರಲ್ಲಿ ನೆರವೇರಿದುದೆಷ್ಟು ಎಂಬ ಲೆಕ್ಕವನ್ನು ತಾನೇ ಬರೆದಿಡಬೇಕು.

ಮಲಪನಗುಡಿಯಂತಹ ಗ್ರಾಮದಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯು ತನ್ನ ಊರಿನ ಕಲ್ಲುಬರೆಹವನ್ನು ತಾನೇ ಓದಿ ಅದರ ಕಾಲವನ್ನು ನಿರ್ಣಯಿಸಬಲ್ಲವನಾದರೆ, ಅದು ಈಗಿನ ಯಾವ ಪಟ್ಟಿಯಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಲೆಕ್ಕಕ್ಕೆ ತರುವ ಹೊಣೆ ಶಾಂಘೈಯದೂ ಅಲ್ಲ, ಲಂಡನ್ನಿನದೂ ಅಲ್ಲ, ನಮ್ಮದು.