ಎಂಟಕ್ಕೇ ನಿಲ್ಲುವ ಓದು: 14 ಎಂಬ ಗೆರೆಯ ಕಥೆ

ಹೈಸ್ಕೂಲಿನಲ್ಲಿ ಮಕ್ಕಳು ಓದು ಬಿಡೋದ್ಯಾಕೆ ಅಂತ ಕೇಳಿದ್ರೆ ಬಡತನ, ಬೇಗ ಮದುವೆ, ಗಣಿತದ ಭಯ ಅಂತೆಲ್ಲ ಉತ್ತರ ಬರುತ್ತೆ. ಎಲ್ಲವೂ ನಿಜ. ಆದರೆ ಅದೇ ಬಡತನದಲ್ಲೇ ಆ ಮಕ್ಕಳು ಎಂಟನೇ ತರಗತಿ ತನಕ ಬಂದಿರ್ತಾರಲ್ಲ? ಒಂಬತ್ತರ ಹೊಸ್ತಿಲಲ್ಲಿ ಏನಾಗುತ್ತೆ? ಇತಿಹಾಸ ಕೆದಕಿದಾಗ ನನಗೆ ಸಿಕ್ಕಿದ್ದು ಒಂದು ಸಂಖ್ಯೆ: 14.

ಕಥೆ ನಾನಿರುವ ಪುಣೆಯಿಂದಲೇ ಶುರು. ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದ್ದ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಅವರು ಕೇಳಿದ್ದು 6ರಿಂದ 10 ವರ್ಷದ ಹುಡುಗರಿಗೆ ಮಾತ್ರ. ಪರ 13 ಮತ, ವಿರುದ್ಧ 38. 1912ರಲ್ಲಿ ಮಸೂದೆ ಬಿದ್ದೇಹೋಯ್ತು. ಮರುವರ್ಷ ಮೈಸೂರು ಸಂಸ್ಥಾನ ತನ್ನದೇ ಕಾನೂನು ಮಾಡಿತು. ಅದೂ ಪ್ರಾಥಮಿಕಕ್ಕೇ.

14ರ ಲೆಕ್ಕ ಸ್ಪಷ್ಟವಾಗಿ ಕಾಣೋದು ಸಂವಿಧಾನ ಸಭೆಯಲ್ಲಿ. 1948ರ ನವೆಂಬರ್ 23ರಂದು, ಸರ್ಕಾರದ ಹೊಣೆ ಪ್ರಾಥಮಿಕ ಶಿಕ್ಷಣಕ್ಕಷ್ಟೇ ಸಾಕು ಎಂಬ ಸಲಹೆ ಬಂತು. ಅಂಬೇಡ್ಕರ್ ಒಪ್ಪಲಿಲ್ಲ. 14ರೊಳಗಿನ ಮಗುವನ್ನು ಕೆಲಸಕ್ಕೆ ಹಚ್ಚಬಾರದು ಅಂತ ಇನ್ನೊಂದು ವಿಧಿ ಹೇಳುತ್ತೆ, ಹಾಗಾದ್ರೆ ಅಲ್ಲಿಯವರೆಗೆ ಮಗು ಶಾಲೆಯಲ್ಲಿರಬೇಕು ಅನ್ನೋದು ಅವರ ವಾದ. ಅಂದರೆ ಈ ವಯಸ್ಸು ಹತ್ತನೇ ತರಗತಿಯ ಲೆಕ್ಕದಿಂದ ಬಂದದ್ದಲ್ಲ, ದುಡಿಮೆಯ ಲೆಕ್ಕದಿಂದ ಬಂದದ್ದು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ.

ಗೆರೆ ಮಾತ್ರ ಅಲ್ಲೇ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ಮಕ್ಕಳಿಗೆ, ಎಂಟನೇ ತರಗತಿವರೆಗೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14 ದಾಟಿದವರಿಗೆ ಅಪಾಯಕಾರಿ ಕೆಲಸಗಳನ್ನಷ್ಟೇ ನಿಷೇಧಿಸಿತು. ಕೋಡ್ ಬರೆಯುವ ನಮಗೆ ಇದು ಬೇಗ ಅರ್ಥವಾಗುತ್ತೆ: ಒಂದೇ ಹುಟ್ಟುಹಬ್ಬದಂದು ಶಾಲೆಯ ಹಕ್ಕು ಫಾಲ್ಸ್, ಕೂಲಿಗೆ ಹೋಗೋ ಅನುಮತಿ ಟ್ರೂ.

ರಾಜ್ಯಗಳು ಸುಮ್ಮನೆ ಕೂತಿಲ್ಲ. ಕರ್ನಾಟಕ 2006ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿತು, ದೂರದ ಹೈಸ್ಕೂಲು ಹತ್ತಿರವಾಗಲಿ ಅಂತ. ಆದರೆ ಯೋಜನೆ ಬೇರೆ, ಹಕ್ಕು ಬೇರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 18ರವರೆಗೆ ಎಲ್ಲರಿಗೂ ಶಿಕ್ಷಣ ಅನ್ನುತ್ತೆ. ನೀತಿಯೂ ಹಕ್ಕಲ್ಲ.

ಇದರ ಪೆಟ್ಟು ಬೀಳೋದು ಕಲಬುರಗಿ, ಯಾದಗಿರಿ ಕಡೆಯಿಂದ ನಮ್ಮ ಊರುಗಳಿಗೆ ಕಟ್ಟಡ ಕೆಲಸಕ್ಕೆ ಬರುವವರ ಮಕ್ಕಳ ಮೇಲೆ. ಟಿ.ಸಿ. ತಡವಾಯ್ತು ಅಂತ ಪ್ರವೇಶ ನಿರಾಕರಿಸಬಾರದು ಎಂಬ ರಕ್ಷಣೆಯೂ ಎಂಟನೇ ತರಗತಿವರೆಗಷ್ಟೇ. ನಾವು ಅಪಾರ್ಟ್‌ಮೆಂಟ್ ಸೇರೋ ಹೊತ್ತಿಗೆ ಅದನ್ನು ಕಟ್ಟಿದವರು ಮುಂದಿನ ಸೈಟಿಗೆ ಹೋಗಿರ್ತಾರೆ. ಅವರ ಮಗುವಿನ ಟಿ.ಸಿ. ಇನ್ಯಾವುದೋ ಊರಲ್ಲಿರುತ್ತೆ.

ನಿಮ್ಮ ಸುತ್ತ ಎಂಟು ಮುಗಿಸಿದ ಮಗು ಇದ್ದರೆ ಎರಡೇ ಪ್ರಶ್ನೆ ಕೇಳಿ: ಟಿ.ಸಿ. ಕೈಗೆ ಬಂತಾ? ಮುಂದೆ ಯಾವ ಶಾಲೆ? ಜೂನ್ ಬರೋದ್ರೊಳಗೆ ಕೇಳಿ. ಕಾನೂನು ಬದಲಾಗೋ ತನಕ ಹಾಗೆ ಕೇಳೋರು ಯಾರಾದ್ರೂ ಇರಲೇಬೇಕು.