ಟೆನ್ನಿಸ್ ಎಲ್ಬೋ: ಶಾಕ್‌ವೇವ್ ಕೊಡಿಸಿದರೆ ಮೊಣಕೈ ನೋವು ಮಾಯವಾಗುತ್ತದೆಯೇ?

"ನಾಲ್ಕೇ ಸಿಟ್ಟಿಂಗ್, ಮೊಣಕೈ ನೋವು ಶಾಶ್ವತವಾಗಿ ಮಾಯ" ಎನ್ನುವ ಮೆಸೇಜ್ ಒಂದು ಕಡೆ. "ಶಾಕ್‌ವೇವ್ ಅಂದರೆ ಕೈಗೆ ಕರೆಂಟ್ ಕೊಡುವುದು, ನರ ಸತ್ತು ಹೋಗುತ್ತದೆ" ಎನ್ನುವ ಮೆಸೇಜ್ ಇನ್ನೊಂದು ಕಡೆ. ಎರಡೂ ತಪ್ಪು. ಫಾರ್ವರ್ಡ್ ಮಾಡುವ ಮೊದಲು, ದುಡ್ಡು ಕಟ್ಟುವ ಮೊದಲು ಇದನ್ನು ಓದಿ.

ಚುಟುಕಾಗಿ

- ಈ ನೋವು ಬಹುಪಾಲು ಜನರಿಗೆ ಒಂದು ವರ್ಷದೊಳಗೆ ಕಡಿಮೆಯಾಗುತ್ತದೆ.
- ಮೊದಲ ಚಿಕಿತ್ಸೆ ವ್ಯಾಯಾಮ. ಶಾಕ್‌ವೇವ್‌ನ ಲಾಭದ ಬಗ್ಗೆ ಪುರಾವೆ ಗಟ್ಟಿಯಾಗಿಲ್ಲ.
- ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ, ಆದರೆ ನೋವು ಮರುಕಳಿಸುವ ಸಾಧ್ಯತೆ ಹೆಚ್ಚು.

ಟೆನ್ನಿಸ್ ಆಡದವರಿಗೂ ಯಾಕೆ ಬರುತ್ತದೆ?

ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈ ಹೊರಬದಿಯ ಮೂಳೆಯ ಉಬ್ಬಿಗೆ ಅಂಟಿಕೊಂಡಿರುತ್ತವೆ. ಅಂಟಿಸುವುದು ಟೆಂಡನ್ ಎಂಬ ಹಗ್ಗದಂಥ ಭಾಗ. ಅದರ ಶಕ್ತಿಗಿಂತ ಹೆಚ್ಚು ಕೆಲಸ ಪದೇ ಪದೇ ಬಿದ್ದಾಗ ಅದು ನೋಯುತ್ತದೆ. ಒದ್ದೆ ಬೆಡ್‌ಶೀಟ್ ಹಿಂಡುವುದು, ಒಂದೇ ಕೈಯಲ್ಲಿ ಬಾಣಲೆ ಎತ್ತುವುದು, ದಿನವಿಡೀ ಸ್ಕ್ರೂಡ್ರೈವರ್ ತಿರುಗಿಸುವುದು, ಗಾರೆ ಕೆಲಸ, ಮೌಸ್ ಹಿಡಿದು ಕೂರುವುದು ಎಲ್ಲವೂ ಕಾರಣವಾಗಬಹುದು. ಹೆಚ್ಚಾಗಿ ಕಾಣುವುದು 35ರಿಂದ 55 ವರ್ಷದವರಲ್ಲಿ. ಇವರಲ್ಲಿ ಹೆಚ್ಚಿನವರು ಟೆನ್ನಿಸ್ ರಾಕೆಟ್ ಮುಟ್ಟಿದವರೇ ಅಲ್ಲ.

1873ರಲ್ಲಿ ಜರ್ಮನಿಯ ವೈದ್ಯ ರುಂಗೆ ಇದನ್ನು ಮೊದಲು ವಿವರಿಸಿದ್ದು ಬರೆಯುವವರ ಕೈನೋವಿನ ಬಗ್ಗೆ ಹೇಳುತ್ತಾ. ಟೆನ್ನಿಸ್‌ನ ಹೆಸರು ಅಂಟಿದ್ದು ಆಮೇಲೆ. ನಮಗೆಲ್ಲ ಈ ಹೆಸರು ಪರಿಚಯವಾಗಿದ್ದು ಕ್ರಿಕೆಟ್‌ನಿಂದ: 2004ರಲ್ಲಿ ಸಚಿನ್ ತೆಂಡೂಲ್ಕರ್ ಇದರಿಂದ ಬಳಲಿ, 2005ರಲ್ಲಿ ಲಂಡನ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆದರೆ ಶಸ್ತ್ರಚಿಕಿತ್ಸೆಯವರೆಗೆ ಹೋಗಬೇಕಾದವರು ಕೆಲವರು ಮಾತ್ರ.

ಶಾಕ್‌ವೇವ್ ಅಂದರೆ ಕರೆಂಟ್ ಶಾಕ್ ಅಲ್ಲವೇ?

ಅಲ್ಲ. ಇದು ಶಬ್ದದ ಹಾಗೆ ಸಾಗುವ ಒತ್ತಡದ ಅಲೆ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೂತ್ರಪಿಂಡದ ಕಲ್ಲನ್ನು ಹೊರಗಿನಿಂದಲೇ ಪುಡಿ ಮಾಡಲು ಇಂಥ ಅಲೆಯನ್ನು ರೋಗಿಯ ಮೇಲೆ ಮೊದಲು ಬಳಸಿದರು. ಅದೇ ತತ್ವವನ್ನು ಕಡಿಮೆ ಶಕ್ತಿಯಲ್ಲಿ ಟೆಂಡನ್ ನೋವಿಗೆ ಬಳಸುತ್ತಾರೆ. ಜೆಲ್ ಹಚ್ಚಿ, ಯಂತ್ರದ ತುದಿಯನ್ನು ಮೊಣಕೈಗೆ ಒತ್ತಿ ಹಿಡಿಯುತ್ತಾರೆ. ಟಕ್ ಟಕ್ ಎಂದು ಬಡಿದಂತೆ ಅನ್ನಿಸುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮೂರರಿಂದ ಐದು ಸಲ ಕೊಡುತ್ತಾರೆ. ಆಗ ಸ್ವಲ್ಪ ನೋವು, ಚರ್ಮ ಕೆಂಪಾಗುವುದು ಇರುತ್ತದೆ.

ಹಾಗಾದರೆ ಅದು ಕೆಲಸ ಮಾಡುತ್ತದೆಯೇ?

2005ರಲ್ಲಿ ಕೊಕ್ರೇನ್ ಸಂಸ್ಥೆಯ ವಿಮರ್ಶೆಯೊಂದು ಒಂಬತ್ತು ಪ್ರಯೋಗಗಳನ್ನು, ಸುಮಾರು 1,000 ರೋಗಿಗಳನ್ನು ಒಟ್ಟಿಗೆ ಪರಿಶೀಲಿಸಿತು. ನಿಜವಾದ ಶಾಕ್‌ವೇವ್ ಪಡೆದವರಿಗೂ ನಕಲಿ ಶಾಕ್‌ವೇವ್ ಪಡೆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಂತರದ ಕೆಲವು ಅಧ್ಯಯನಗಳು ಒಂದಿಷ್ಟು ಲಾಭ ತೋರಿಸಿವೆ. ಆದರೆ ಯಂತ್ರ, ಶಕ್ತಿ, ಸಿಟ್ಟಿಂಗ್‌ಗಳ ಸಂಖ್ಯೆ ಒಂದೊಂದರಲ್ಲಿ ಒಂದೊಂದು ಥರ. ಹಾಗಾಗಿ ಕೆಲವು ತಿಂಗಳು ವ್ಯಾಯಾಮ ಮಾಡಿಯೂ ನೋವು ಇಳಿಯದಿದ್ದರೆ ವೈದ್ಯರ ಜೊತೆ ಮಾತಾಡಿ ಪ್ರಯತ್ನಿಸಬಹುದಾದ ದಾರಿ ಇದು. ಮೊದಲ ದಿನವೇ ಪ್ಯಾಕೇಜ್ ಕೊಳ್ಳುವ ಅಗತ್ಯವಿಲ್ಲ.

ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಆ ಜಾಗದಲ್ಲಿ ಸೋಂಕು ಅಥವಾ ಗೆಡ್ಡೆ ಇರುವವರು ಇದನ್ನು ಮೊದಲೇ ವೈದ್ಯರಿಗೆ ಹೇಳಬೇಕು.

ವ್ಯಾಯಾಮ ಹೇಗೆ?

1. ಮುಂಗೈಯನ್ನು ಮೇಜಿನ ಮೇಲಿಡಿ. ಅಂಗೈ ಕೆಳಮುಖವಾಗಿರಲಿ, ಮಣಿಕಟ್ಟು ಮೇಜಿನ ಅಂಚಿನಿಂದ ಹೊರಗಿರಲಿ.
2. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಭಾರ ಎನಿಸಿದರೆ ನೀರು ಕಡಿಮೆ ಮಾಡಿ.
3. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನು ಮೇಲಕ್ಕೆತ್ತಿ.
4. ಸಹಾಯದ ಕೈ ಬಿಟ್ಟು, ನಾಲ್ಕೈದು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಸಿ.
5. ಹೀಗೆ 10ರಿಂದ 15 ಸಲ. ನಡುವೆ ವಿರಾಮ ಕೊಟ್ಟು ಮೂರು ಸುತ್ತು.

ಮಾಡುವಾಗ ಸಣ್ಣ ನೋವು ಬಂದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ನೋವು ಜಾಸ್ತಿಯಾಗಿದ್ದರೆ ಭಾರ ಇಳಿಸಿ. ಒಂದು ವಾರದಲ್ಲಿ ಪವಾಡ ಆಗುವುದಿಲ್ಲ, 6ರಿಂದ 12 ವಾರ ಬಿಡದೆ ಮಾಡಬೇಕು.

ಕೈಯನ್ನು ಪೂರ್ತಿ ಕಟ್ಟಿಹಾಕಿ ವಿಶ್ರಾಂತಿ ಕೊಡುವುದೂ ಪರಿಹಾರವಲ್ಲ. ಕೆಲಸವೇ ಇಲ್ಲದ ಟೆಂಡನ್ ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಕೆಲಸದ ರೀತಿ ಬದಲಿಸಿ: ಬಾಣಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಚೀಲವನ್ನು ಅಂಗೈ ಮೇಲ್ಮುಖವಾಗಿಟ್ಟು ಹಿಡಿಯಿರಿ. ಬಟ್ಟೆ ಹಿಂಡುವ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರು ಕೆಲವು ವಾರ ವಹಿಸಿಕೊಂಡರೆ ಅದೂ ಚಿಕಿತ್ಸೆಯೇ.

ಒಂದು ಇಂಜೆಕ್ಷನ್ ಸಾಕು ಅನ್ನುತ್ತಾರಲ್ಲ?

ಆಸ್ಟ್ರೇಲಿಯಾದಲ್ಲಿ 165 ರೋಗಿಗಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರಲ್ಲಿ ಶೇ. 54ರಷ್ಟು ಜನರಿಗೆ ಒಂದು ವರ್ಷದೊಳಗೆ ನೋವು ಮರಳಿತು. ಔಷಧವಿಲ್ಲದ ಇಂಜೆಕ್ಷನ್ ಪಡೆದವರಲ್ಲಿ ಇದು ಶೇ. 12 ಮಾತ್ರ. ಮೊದಲ ಕೆಲವು ವಾರದ ಆರಾಮವನ್ನು ನೋಡಿ "ವಾಸಿಯಾಯಿತು" ಎಂದುಕೊಳ್ಳಬೇಡಿ.

ಯಾವಾಗ ತಡ ಮಾಡಬಾರದು?

ಬಿದ್ದ ನಂತರ ಶುರುವಾದ ನೋವು, ಊತ, ಜ್ವರ, ಬೆರಳು ಜೋಮು ಹಿಡಿಯುವುದು, ಮೊಣಕೈ ಮಡಚಲಾಗದಿರುವುದು ಇದ್ದರೆ ವೈದ್ಯರಿಗೆ ತೋರಿಸಿ. ಕೈನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಅದು ಹೃದಯಾಘಾತ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ.

ಕೊನೆಯ ಮಾತು

ಶಾಕ್‌ವೇವ್‌ಗೆ ಹೆದರಬೇಕಿಲ್ಲ, ಅದನ್ನು ಪವಾಡ ಎಂದು ನಂಬಬೇಕಾಗಿಯೂ ಇಲ್ಲ. ಯಾರಾದರೂ ಪ್ಯಾಕೇಜ್ ಹೇಳಿದರೆ ಎರಡು ಪ್ರಶ್ನೆ ಕೇಳಿ: "ಇದರ ಜೊತೆ ಯಾವ ವ್ಯಾಯಾಮ ಮಾಡಬೇಕು? ಮೂರು ತಿಂಗಳು ಬರೀ ವ್ಯಾಯಾಮ ಮಾಡಿ ನೋಡಿದರೆ ಏನಾದರೂ ತೊಂದರೆಯೇ?" ಉತ್ತರ ಸಮಾಧಾನವಾಗದಿದ್ದರೆ ಇನ್ನೊಬ್ಬ ಮೂಳೆ ತಜ್ಞರನ್ನು ಅಥವಾ ಫಿಸಿಯೋಥೆರಪಿಸ್ಟ್‌ರನ್ನು ಕಾಣಿ.